ಕೊಳೆ ಕೂತ ಪುಟಗಳು

"ಮತ್ತೆ ಅದೇ ಪುಸ್ತಕಾನಾ? ಎಷ್ಟು ಸಲ ಬೈಂಡ್ ಮಾಡ್ತೀರಿ, ಬಿಸಾಕಿ ಅತ್ಲಾಗೆ!" ಗ್ರಂಥಪಾಲಕರು ಸಿಡುಕಿದರು.

ಲೈಬ್ರರಿಗೆ ಬೈಂಡಿಂಗ್ ಮಾಡಿಕೊಡುವ ಅಮ್ಮ ಅಂಟು ಕಲಸುತ್ತಲೇ ನಕ್ಕರು. ಅವರ ಮುಂದೆ 'ಮನ ಗೆಲ್ಲಲು ನೂರು ದಾರಿ'ಯ ಆರು ಪ್ರತಿಗಳು ಮೈ ಕಳಚಿಕೊಂಡು ಬಿದ್ದಿದ್ದವು. ಊರಿಗೆ ಊರೇ ಮುಗಿಬಿದ್ದು ಓದುತ್ತಿದ್ದ ಪುಸ್ತಕ. ಅದರ ಹೆಸರೆತ್ತಿದರೆ ಗ್ರಂಥಪಾಲಕರಿಗೆ ಮೈಯೆಲ್ಲ ಉರಿ. ಅವರೇ ಬರೆದ ಕವನಸಂಕಲನ ಎದುರಿನ ಕಪಾಟಿನಲ್ಲಿ ಕೂತು ಎರಡು ವರ್ಷವಾಗಿತ್ತು, ಒಬ್ಬರೂ ಮುಟ್ಟಿರಲಿಲ್ಲ. "ಇದನ್ನ ಯಾರು ಓದ್ತಾರೆ ಅಣ್ಣ?" ಎಂದು ಒಡಹುಟ್ಟಿದ ತಮ್ಮ ಬಾಯಿತಪ್ಪಿ ಅಂದಿದ್ದೇ ನೆಪವಾಗಿ, ಒಂದೇ ಮನೆಯ ಮೇಲೂ ಕೆಳಗೂ ಇದ್ದ ಇಬ್ಬರೂ ಮಾತು ಬಿಟ್ಟಿದ್ದರು. ಕೋಪ ಎಂದೋ ಇಳಿದಿತ್ತು. ಮೊದಲು ಬಾಯಿ ಬಿಡುವವರು ಯಾರು ಎಂಬುದೊಂದೇ ಉಳಿದಿತ್ತು.

"ಜನಕ್ಕೆ ಬೇಕಾಗಿರೋದು ದುಡ್ಡು, ಪ್ರಮೋಷನ್ನು. ಅದಕ್ಕೇ ಓದ್ತಾರೆ."

"ಹಂಗೇನಿಲ್ಲ ಸಾರ್." ಅಮ್ಮ ಒಂದು ಪ್ರತಿಯ ಅಂಚನ್ನು ಬೆಳಕಿಗೆ ಹಿಡಿದರು. "ಹೆಚ್ಚು ಓದಿದ ಕಡೆ ಬೆರಳಿನ ಕೊಳೆ ಕೂರುತ್ತೆ. ದುಡ್ಡಿನ ಅಧ್ಯಾಯ ನೋಡಿ, ಇನ್ನೂ ಬೆಳ್ಳಗಿದೆ. ಕಪ್ಪಗಾಗಿರೋದು ಇದೊಂದೇ, ಆರರಲ್ಲೂ."

ಗ್ರಂಥಪಾಲಕರು ಅಲ್ಲಿಗೇ ತೆರೆದರು. 'ಮುನಿಸಿಕೊಂಡವರನ್ನು ಮಾತಾಡಿಸುವುದು ಹೇಗೆ?'

"ಊರಲ್ಲಿ ಇಷ್ಟೊಂದು ಜನ ಮಾತು ಬಿಟ್ಟಿದಾರಾ?"

"ಮಾತಾಡೋಕೆ ಕಾಯ್ತಾ ಇದಾರೆ ಅನ್ನಿ."

ಪುಸ್ತಕದ ಕೊನೆಗೆ ಅಂಟಿಸಿದ್ದ ಎರವಲು ಚೀಟಿಯ ಮೇಲೆ ಗ್ರಂಥಪಾಲಕರ ಕಣ್ಣು ಬಿತ್ತು. ತಮ್ಮನ ಕಾರ್ಡಿನ ನಂಬರು, ಒಂದಲ್ಲ, ಮೂರು ಸಲ. ತಮ್ಮನ ಹೆಂಡತಿ ಬಂದು ಕೇಳಿದಾಗಲೆಲ್ಲ ಮುಖ ಎತ್ತದೆ ಮೊಹರು ಒತ್ತಿಕೊಟ್ಟವರು ತಾವೇ. ಅಲ್ಲೇ ನಿಂತು ಆ ಅಧ್ಯಾಯವನ್ನು ಪೂರ್ತಿ ಓದಿದರು. ಮೊದಲು ಎದುರಿನವರನ್ನು ಹೊಗಳಬೇಕಂತೆ.

ಮಧ್ಯಾಹ್ನ ಮನೆಗೆ ಹೋಗಿ, ಹೆಂಡತಿ ಬಡಿಸಿದ್ದನ್ನು ಕಂಠಪೂರ್ತಿ ಉಂಡು, ಎರಡು ಹೊಗಳಿಕೆಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತ ಮಹಡಿ ಮೆಟ್ಟಿಲು ಹತ್ತಿದರು. ಬಾಗಿಲು ತಟ್ಟಿದರು.

ತಮ್ಮನೇ ಎಂಜಲು ಕೈಯಲ್ಲಿ ಬಂದು ಬಾಗಿಲು ತೆಗೆದ. ತಲೆ ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಹೊಗಳಿಕೆಗಳೆರಡೂ ಗ್ರಂಥಪಾಲಕರಿಗೆ ಮರೆತೇಹೋದವು.

"ಊಟ ಆಯ್ತಾ ಅಣ್ಣ?" ಎಂದ ತಮ್ಮ, ನಿನ್ನೆಯಷ್ಟೇ ಮಾತಾಡಿದವನಂತೆ.

"ಎಲ್ಲಿ, ಇನ್ನೂ ಇಲ್ಲ ಕಣೋ."

ತಮ್ಮನ ಹೆಂಡತಿ ಇನ್ನೊಂದು ತಟ್ಟೆ ತಂದಿಟ್ಟಳು. ಗ್ರಂಥಪಾಲಕರು ತಮ್ಮನ ಪಕ್ಕದಲ್ಲಿ ಕೂತು ಬಡಿಸಿದ್ದನ್ನೆಲ್ಲ ಉಂಡರು. ಎರಡನೇ ಸಲ ಬಡಿಸಲು ಬಂದಾಗಲೂ ತಟ್ಟೆಗೆ ಕೈ ಅಡ್ಡ ಹಿಡಿಯಲಿಲ್ಲ.