ಲೈಸೆನ್ಸ್ ಪುಸ್ತಕದ ಹೆಸರು

ಅಮೆರಿಕದ ಈಸ್ಟ್‌ಗೇಟ್‌ನಲ್ಲಿ ವಿಜಯೇಂದ್ರ ಕೊಂಡ ಮನೆಯ ಗೃಹಪ್ರವೇಶಕ್ಕೆ ಉಷಾ ಹೋದದ್ದು ಊಟಕ್ಕಲ್ಲ, ಅಪ್ಪನ ಹೆಸರು ಹುಡುಕಲು. ಇಬ್ಬರೂ ಕಲಬುರಗಿಯ ಒಂದೇ ಓಣಿಯವರೆಂದು 2014ರ ಯುಗಾದಿ ಕಾರ್ಯಕ್ರಮದಲ್ಲಷ್ಟೇ ಗೊತ್ತಾಗಿತ್ತು. ಅಜ್ಜನ ಕಪ್ಪು ಬಿಳುಪು ಟಿವಿಯನ್ನೂ ಆ ಕಾಲದಲ್ಲಿ ಅದಕ್ಕೆ ಅಂಚೆ ಕಚೇರಿ ಕೊಡುತ್ತಿದ್ದ ಲೈಸೆನ್ಸ್ ಪುಸ್ತಕವನ್ನೂ ಹಡಗಿನಲ್ಲಿ ತರಿಸಿದ್ದೇನೆಂದು ಅವನು ಕೊಚ್ಚಿಕೊಂಡಾಗ ಉಷಾಳ ಕಿವಿ ನೆಟ್ಟಗಾಗಿತ್ತು.

ಅವಳು ಎಂಟು ವರ್ಷದವಳಿದ್ದಾಗ, ಭಾನುವಾರ ಅರ್ಧ ಓಣಿ ಆ ಟಿವಿಯ ಮುಂದೆ ಚಾಪೆ ಹಾಸಿ ಕೂರುತ್ತಿತ್ತು. ಉಷಾ ಮತ್ತು ಅವಳಪ್ಪ ಮಾತ್ರ ಕಿಟಕಿಯ ಹೊರಗೆ ನಿಂತು ಸರಳಿಗೆ ಮುಖ ಒತ್ತಿ ನೋಡಬೇಕಿತ್ತು. ವಿಜಯೇಂದ್ರನ ತಾಯಿ ಗೌರಾದೇವಿ ಕಾರಣವನ್ನೂ ಹೇಳಿದ್ದರು: ಟಿವಿಗೆ ಸರ್ಕಾರದ ಲೈಸೆನ್ಸ್ ಇದೆ, ಅದರಲ್ಲಿ ಹೆಸರಿದ್ದವರಷ್ಟೇ ಒಳಗೆ ಕೂರಬೇಕು, ತಪ್ಪಿದರೆ ಅಂಚೆ ಕಚೇರಿಯವರು ಟಿವಿ ಎತ್ತಿಕೊಂಡು ಹೋಗುತ್ತಾರೆ. ಮುಂದಿನ ವರ್ಷ ನಮ್ಮ ಹೆಸರನ್ನೂ ಬರೆಸುತ್ತಾರೆ ಎಂದು ಅಪ್ಪ ಸಮಾಧಾನ ಮಾಡಿದ್ದರು. ಬರೆಸಿದರೋ ಇಲ್ಲವೋ ತಿಳಿಯುವ ಮೊದಲೇ ಉಷಾಳ ಮನೆಯವರು ಆ ಓಣಿಯನ್ನೇ ಬಿಟ್ಟರು. ಎವರೆಟ್‌ನಲ್ಲಿ ವಿಮಾನ ಜೋಡಿಸುವ ಇಂಜಿನಿಯರ್ ಆದ ಮೇಲೂ ಉಷಾ ಆ ಮಾತನ್ನು ಕೆದಕಿ ನೋಡಿರಲಿಲ್ಲ. ತೀರಿಹೋದ ಅಪ್ಪನ ಬಗ್ಗೆ ಮಗಳು ನಿಕಿತಾಗೆ ಹೇಳಲು ಅವಳಲ್ಲಿದ್ದ ಒಂದೇ ತಮಾಷೆಯ ಕಥೆ ಅದು.

ಇಲ್ಲಿ ಆ ಟಿವಿಗೆ ಹಿಡಿಯಲು ಸಿಗ್ನಲ್ ಎಲ್ಲಿಂದ ಬರಬೇಕು? ವಿಜಯೇಂದ್ರ ಅದಕ್ಕೆ ಯಾವುದೋ ಡಬ್ಬಿ ಜೋಡಿಸಿ ಹಳೆಯ ಚಿತ್ರವೊಂದನ್ನು ಓಡಿಸಿದ್ದ. "ಇಡೀ ಓಣಿ ನಮ್ಮನೇಲೇ ಟಿವಿ ನೋಡ್ತಿತ್ತು. ಅಜ್ಜ ಯಾರಿಗೂ ಇಲ್ಲ ಅಂದೋರಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಟಿವಿಯ ಮೇಲಿದ್ದ ಪುಸ್ತಕವನ್ನು ಉಷಾ ತೆರೆದಳು.

"ಅಮ್ಮಾ, ವೇರ್ ಈಸ್ ಅಜ್ಜಾಸ್ ನೇಮ್?" ನಿಕಿತಾ ಇಣುಕಿದಳು.

ಒಂದೇ ಹೆಸರಿತ್ತು, ಯಜಮಾನನದು. ಟಿವಿಯ ನಂಬರು, ವರ್ಷಕ್ಕೊಂದು ಅಂಚೆಮುದ್ರೆ. ಬೇರೆ ಹೆಸರು ಬರೆಯಲು ಜಾಗವೇ ಇರಲಿಲ್ಲ. ನಿಯಮಗಳ ಪುಟವನ್ನು ಎರಡು ಸಲ ಓದಿದಳು. ಯಾರು ಒಳಗೆ ಕೂರಬೇಕು, ಯಾರು ಹೊರಗೆ ನಿಲ್ಲಬೇಕು ಎಂಬ ಮಾತೇ ಇಲ್ಲ. ಬಾಯಲ್ಲಿದ್ದ ಹೋಳಿಗೆಯನ್ನು ಕಾಗದದ ಕರವಸ್ತ್ರಕ್ಕೆ ಉಗಿದು ತಟ್ಟೆಯನ್ನು ಪಕ್ಕಕ್ಕಿಟ್ಟಳು. ಆ ಮನೆಯ ತುಪ್ಪದ ವಾಸನೆಯೂ ಹೇಸಿಗೆಯೆನಿಸಿತು.

ಸೋಫಾದಲ್ಲಿ ಗೌರಾದೇವಿ ಕೂತಿದ್ದರು, ಮಗನ ಮನೆಗೆಂದು ಬಂದವರು. ಉಷಾ ಪುಸ್ತಕವನ್ನು ಅವರ ಮುಂದೆ ಹಿಡಿದಳು. "ನಮ್ಮಪ್ಪನ ಹೆಸರು ಇದರಾಗ ಎಲ್ಲಿ ಬರಸ್ತಿದ್ರಿ?"

ಗೌರಾದೇವಿ ಅವಳನ್ನು ದಿಟ್ಟಿಸಿ ಗುರುತು ಹಿಡಿದರು. ಮುಜುಗರವೇನೂ ಕಾಣಲಿಲ್ಲ. "ಆ ಮಾತು ನಾ ಹುಟ್ಟಿಸಿದ್ದಲ್ಲವ್ವಾ. ನಿಮ್ಮಪ್ಪನೇ ನಮ್ಮ ಹಿತ್ತಲ ಬಾಗಲಿಗೆ ಬಂದು ಕೈ ಮುಗದಿದ್ದ. ಯಾಕ ಒಳಗ ಬಿಡಂಗಿಲ್ಲ ಅಂತ ಹುಡುಗಿ ದಿನಾ ಕೇಳತಾಳ, ಸರ್ಕಾರದ ರೂಲ್ ಅಂತ ಹೇಳಿಬಿಡ್ರಿ ಅಂದ. ಪಾಪ ಅಂತ ನಾವೂ ಹಂಗೇ ಹೇಳಿದಿವಿ."

ಹೇಳುವಾಗ ಆಕೆಯ ಮುಖದಲ್ಲಿ ದೊಡ್ಡ ಉಪಕಾರ ಮಾಡಿದವರ ತೃಪ್ತಿ ಇತ್ತು. ಉಷಾಳಿಗೆ ಆ ಮುಖ ನೋಡಲಾಗಲಿಲ್ಲ.

"ಓಣಿಯವರೆಲ್ಲ ಬನ್ನಿ, ಟಿವಿ ಪಕ್ಕ ಒಂದು ಫೋಟೋ," ವಿಜಯೇಂದ್ರ ಕರೆದ.

ನಿಕಿತಾ ತಾಯಿಯ ತೋಳು ಜಗ್ಗಿದಳು. "ಸೋ ವಾಟ್ ವಾಸ್ ದ ರೂಲ್?"

ಉಷಾ ದನಿ ತಗ್ಗಿಸಲಿಲ್ಲ. ಕೋಣೆಯಲ್ಲಿದ್ದವರಿಗೆಲ್ಲ ಅರ್ಥವಾಗುವ ಕನ್ನಡದಲ್ಲೇ ಹೇಳಿದಳು.

"ರೂಲ್ ಏನೂ ಇರ್ಲಿಲ್ಲ. ನಮ್ಮ ಜಾತಿ ನೋಡಿ ಹೊರಗೆ ನಿಲ್ಲಿಸಿದ್ರು. ನಂಗದು ಗೊತ್ತಾಗ್ಬಾರ್ದು ಅಂತ ನಿಮ್ಮಜ್ಜ ಇವರ ಮುಂದೆ ಕೈ ಮುಗಿದಿದ್ರು."