ಬೊಳ್ಳಿಯ ಹೊಲಿಗೆ

ಸೇವಂತಿಗೆ ಒಂದು ಜಂಬವಿತ್ತು. ಅವಳು ಸಾಕಿದ ಕೋಳಿ ಯಾವುದೂ ರೋಗಕ್ಕೆ ಸತ್ತದ್ದಿಲ್ಲ. ಉಡುಪಿ ಕಡೆಯ ಮನೆಯಂಗಳದಿಂದ ಗಿಡುಗನಿಗೆ ಹೋದದ್ದುಂಟು, ದೈವಕ್ಕೆ ಹೋದದ್ದುಂಟು, ನೆಂಟರ ಊಟಕ್ಕಂತೂ ಹೋದದ್ದೇ ಹೆಚ್ಚು. ಆದರೆ ಮೂಲೆಯಲ್ಲಿ ತೂಕಡಿಸಿ ಸತ್ತ ಕೋಳಿ ಮಾತ್ರ ಅವಳ ಕಾಲದಲ್ಲಿ ಇರಲಿಲ್ಲ.

ಗಂಡ ತೀರಿಕೊಂಡ ಮೇಲೆ ಮಗ ಸದಾನಂದ ಅವಳನ್ನು ಮುಂಬಯಿಗೆ ಕರೆದುಕೊಂಡು ಬಂದ. ಹಡಗಿನಲ್ಲಿ ಅವಳ ಮಡಿಲ ಮೇಲೆ ಬಟ್ಟೆ ಮುಚ್ಚಿದ ಒಂದು ಬುಟ್ಟಿ. ಬುಟ್ಟಿಯೊಳಗೆ ಆ ಅಂಗಳದ ಕೊನೆಯ ಮರಿ. ಬಿಳಿಯದಾದ್ದರಿಂದ ಬೊಳ್ಳಿ ಎಂದು ಹೆಸರು, ತುಳುವಿನಲ್ಲಿ ಬೆಳ್ಳಿ ಎಂದ ಹಾಗೆ. ಜೋಗೇಶ್ವರಿಯ ಹಂಚಿನ ಚಾಳಿನಲ್ಲಿ, ನೆರೆಮನೆಗಳ ಹುಂಜಗಳ ನಡುವೆ, ಮರಿ ಬೆಳೆದು ಹೇಂಟೆಯಾಯಿತು, ಬಾಗಿಲ ಪಕ್ಕದ ಸೀಮೆಎಣ್ಣೆ ಡಬ್ಬದ ಪೆಟ್ಟಿಗೆಯಲ್ಲಿ ಮೊಟ್ಟೆಯನ್ನೂ ಇಟ್ಟಿತು.

ಸೊಸೆ ಶೀಲಾವತಿ ಹುಟ್ಟಿ ಬೆಳೆದದ್ದು ಬೈಕುಲ್ಲಾದಲ್ಲಿ. ಅವಳ ಬಾಯಲ್ಲಿ ತುಳು ತಡವರಿಸುತ್ತಿತ್ತು, ಹಿಂದಿ ಓಡುತ್ತಿತ್ತು. ದರ್ಜಿಯೊಬ್ಬ ಕೊಡುತ್ತಿದ್ದ ರವಿಕೆಗಳಿಗೆ ಬಾಗಿಲಲ್ಲಿ ಕುಳಿತು ಅಂಚು ಮಡಚಿ ಹೊಲಿಯುವುದು ಅವಳ ಮಧ್ಯಾಹ್ನದ ಕೆಲಸ. ಕೋಳಿಯ ಹಿಕ್ಕೆ ತುಳಿದ ದಿನ ಏನೂ ಅನ್ನದೆ ಕಾಲು ತೊಳೆದುಕೊಂಡು, ನೆಲವನ್ನೂ ತೊಳೆದು, ಬಾಲ್ದಿಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು. ಅತ್ತೆ ಸೊಸೆಯರಲ್ಲಿ ಜಗಳವಿರಲಿಲ್ಲ. ಜಗಳಕ್ಕೂ ಮಾತು ಬೇಕಲ್ಲ. ನಲ್ಲಿಯ ಹತ್ತಿರ ಯಾರಾದರೂ ಕೇಳಿದರೆ ಸೇವಂತಿ ‘ಮಗನ ಹೆಂಡತಿ’ ಎನ್ನುತ್ತಿದ್ದಳು. ‘ನನ್ನ ಸೊಸೆ’ ಎಂಬ ಮಾತು ಅವಳ ಬಾಯಿಗೆ ಬಂದಿರಲಿಲ್ಲ.

ಹೀಗಿರುವಾಗ ಬೊಳ್ಳಿ ಮೇವು ಬಿಟ್ಟಿತು. ಗೋಡೆಗೆ ಒತ್ತಿಕೊಂಡು, ಗರಿ ಕೆದರಿಕೊಂಡು, ಕಣ್ಣು ಮುಚ್ಚಿ ಕುಳಿತಿತು. ಸೇವಂತಿ ಎತ್ತಿ ನೋಡಿದರೆ ಕೊರಳ ಬುಡದಲ್ಲಿ, ಮೇವು ತುಂಬಿಕೊಳ್ಳುವ ಚೀಲ, ನಾದಿದ ಹಿಟ್ಟಿನ ಉಂಡೆಯಷ್ಟು ಗಟ್ಟಿ. ಕೊಕ್ಕು ಬಿಡಿಸಿದರೆ ಹುಳಿ ನಾತ. ತೆಂಗಿನೆಣ್ಣೆ ಕುಡಿಸಿದಳು, ಬಿಸಿನೀರು ಬಿಟ್ಟಳು, ಬೆರಳಿನಿಂದ ನೀವಿದಳು. ಉಂಡೆ ಕರಗಲಿಲ್ಲ. ಬೊಳ್ಳಿಯ ತೂಕ ಮಾತ್ರ ಕರಗಿತು.

ಪಕ್ಕದ ಕೋಣೆಯ ಚೆನ್ನಯ ವಿಕ್ರೋಳಿಯ ಕಾರ್ಖಾನೆಗೆ ಹೋಗುವವನು, ಊರಿನ ಕಡೆಯವನೇ. ಬೀಡಿ ಹಚ್ಚುತ್ತ ಬಗ್ಗಿ ನೋಡಿದ.

“ಸೇವಂತಿಯಕ್ಕ, ಇನ್ನು ಕಾದರೆ ಸುಕ್ಕಕ್ಕೂ ಇಲ್ಲ, ಸಾರಿಗೂ ಇಲ್ಲ. ತೆಂಗಿನಕಾಯಿ ನಾನು ತುರಿದು ಕೊಡ್ತೇನೆ.”

“ನಿನ್ನ ತಲೆ ತುರಿ. ಅಲ್ಲಿ ಎಂತದಾದರೂ ಉಂಟಾ ಅಂತ ಗೊತ್ತಾಗ್ಲಿ.”

ಅವನು ನಗುತ್ತ ಹೋದ. ಸೇವಂತಿಗೆ ನಗು ಬರಲಿಲ್ಲ. ಅವಳ ತಾಯಿ ಇಂಥ ಕೋಳಿಯ ಚೀಲ ಕೊಯ್ದು, ಒಳಗಿನದನ್ನು ತೆಗೆದು, ಹೊಲಿದದ್ದನ್ನು ಅವಳು ಕಂಡಿದ್ದಳು. ಒಮ್ಮೆ ತಾನೂ ಮಾಡಿದ್ದಳು. ಆದರೆ ಈಗ ಒಂದು ಕಣ್ಣಿಗೆ ಪೊರೆ, ಸೂಜಿ ಹಿಡಿದರೆ ಕೈ ನಡುಕ. ಊರಿನಿಂದ ಬಂದ ಕೊನೆಯ ಜೀವ ತನ್ನ ಕಣ್ಣೆದುರೇ, ಅದೂ ರೋಗಕ್ಕೆ, ಹೋಗುವುದೆಂದರೆ ಅವಳಿಗೆ ಆ ಅಂಗಳವೇ ಎರಡನೆಯ ಸಲ ಹೋದ ಹಾಗೆ. ಬೊಳ್ಳಿಯನ್ನು ಮಡಿಲಿಗೆ ಎತ್ತಿಕೊಂಡಳು. ಆಮೇಲೆ ಕರೆದಳು.

“ಶೀಲಾ, ಸಣ್ಣ ಸೂಜಿ ತಾ. ನೀನೂ ಬಾ.”

ಅತ್ತೆ ತನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಶೀಲಾವತಿ ಸೂಜಿಯ ಡಬ್ಬಿ ಹಿಡಿದು ಬಂದು, ಕೋಳಿಯನ್ನು ಕಂಡು ಹೊಸ್ತಿಲಲ್ಲೇ ನಿಂತಳು.

“ಮಾಮಿ, ನಂಗೆ ಆಗುದಿಲ್ಲ. ಮರ್ ಜಾಯೇಗಿ.”

“ಸುಮ್ಮನೆ ಬಿಟ್ಟರೂ ಸಾಯ್ತದೆ. ರವಿಕೆ ಅಂತ ತಿಳ್ಕೊ.”

ಸೂಜಿ, ನೂಲು, ಹೊಸ ಬ್ಲೇಡು ಕುದಿಯುವ ನೀರಿನಲ್ಲಿ ಬೆಂದವು. ಸೇವಂತಿ ಬೊಳ್ಳಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ತೊಡೆಗೆ ಒತ್ತಿ ಹಿಡಿದಳು. ಕೊರಳ ಬುಡದ ಗರಿ ಕಿತ್ತು, ಅರಸಿನ ನೀರಿನಿಂದ ತೊಳೆದು, ಉಗುರಿನಿಂದ ಒಂದು ಗೆರೆ ತೋರಿಸಿದಳು. ಶೀಲಾವತಿ ಆ ಗೆರೆಯ ಮೇಲೆ ಕೊಯ್ದಳು. ಮೊದಲು ಚರ್ಮ, ಆಮೇಲೆ ಒಳಗಿನ ಚೀಲ. ಎರಡು ಬೆರಳು ಹಾಕಿ ಎಳೆದಾಗ ಉಂಡೆ ಹೊರಗೆ ಬಂತು.

ನೂಲು. ಕೆಂಪು, ಹಳದಿ, ಕಳೆದ ವಾರ ಹೊಲಿದ ಮದುವೆಯ ರವಿಕೆಯ ಗಿಣಿಹಸಿರು. ಶೀಲಾವತಿ ಬಾಗಿಲಿನಿಂದ ಹೊರಗೆ ಗುಡಿಸಿಬಿಡುತ್ತಿದ್ದ ತುಂಡುಗಳೆಲ್ಲ ಅಕ್ಕಿಕಾಳಿನ ಜೊತೆ ಹೆಣೆದುಕೊಂಡು ಹಗ್ಗವಾಗಿದ್ದವು.

ಅವಳ ಕೈ ನಿಂತಿತು. ಸೇವಂತಿಯೂ ಕಂಡಳು, ಅಷ್ಟಕ್ಕೆ ಒಂದು ಕಣ್ಣು ಸಾಕಾಗಿತ್ತು. ಉಂಡೆಯನ್ನು ಅವಳು ಮೊಣಕೈಯಿಂದ ಬದಿಗೆ ಸರಿಸಿದಳು.

“ಒಳಗಿನದ್ದು ಮೊದಲು ಹೊಲಿ. ಮೇಲಿನ ಚರ್ಮ ಬೇರೆ ಹೊಲಿ. ಎರಡೂ ಕೂಡಿಸಬೇಡ.”

ಸೂಜಿ ಆಡತೊಡಗಿತು. ರವಿಕೆಯ ಅಂಚಿಗೆ ಹಾಕುವ ಸಣ್ಣ ಹೊಲಿಗೆ, ಒಂದರ ಪಕ್ಕ ಒಂದು. ನಡುವೆ ಬೊಳ್ಳಿಯ ರೆಪ್ಪೆ ಕೆಳಗಿನಿಂದ ಮೇಲಕ್ಕೆ ಮುಚ್ಚಿಕೊಂಡಿತು, ಕೊರಳು ಸಡಿಲಾಯಿತು. ಮಕ್ಕಳ ಜ್ವರಕ್ಕೆ, ದನದ ಹೆರಿಗೆಗೆ ಜೀವಮಾನವಿಡೀ ಊರಿನ ದೈವಕ್ಕೆ ಹೇಳಿ ಅಭ್ಯಾಸವಾದ ಮಾತು ಸೇವಂತಿಯ ಬಾಯಿಂದ ತಾನಾಗಿ ಹೊರಟಿತು: “ಪಂಜುರ್ಲಿ, ಈ ಜೀವ ಉಳಿಸಿಕೊಡು. ನಿನಗೊಂದು ಕೋಳಿ ಕೊಡ್ತೇನೆ.”

ಬೊಳ್ಳಿ ಕಣ್ಣು ತೆರೆಯಿತು.

ಮುಂದಿನ ದಿನಗಳಲ್ಲಿ ಗಂಜಿಯ ತಿಳಿ, ಮಜ್ಜಿಗೆ ನೀರು, ಚಮಚದ ತುದಿಯಿಂದ. ಒಬ್ಬರು ಕೊಕ್ಕು ಬಿಡಿಸಬೇಕು, ಒಬ್ಬರು ಹನಿಸಬೇಕು. ಒಂದು ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿದ್ದ ಸೇವಂತಿಯ ಬಳಿಗೆ ಶೀಲಾವತಿ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು.

“ಮಾಮಿ, ಹಿಕ್ಕೆ ಹಾಕಿತು. ಒಳ್ಳೇ ಹಿಕ್ಕೆ.”

ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಸೇವಂತಿ ಕೊಡವನ್ನು ಅಲ್ಲೇ ಬಿಟ್ಟು ನೋಡಲು ಹೋದಳು.

ಸದಾನಂದ ಬೈಕುಲ್ಲಾದ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವವನು, ರಜೆಯ ದಿನ ಮಾತ್ರ ಮನೆಗೆ ಬರುತ್ತಿದ್ದ. ದೈವದ ವರ್ಷದ ಕೋಲಕ್ಕೆ ಊರಿಗೆ ಹೊರಡುವ ಮಾತು ತೆಗೆದಾಗ ಸೇವಂತಿ ಹರಕೆಯ ವಿಷಯ ಹೇಳಿದಳು. ಅವನಿಗೆ ನಕ್ಕು ನಕ್ಕು ಚಹಾ ನೆತ್ತಿಗೇರಿತು.

“ಕೋಳಿ ಬದುಕಲಿಕ್ಕೆ ಕೋಳಿಯ ಹರಕೆಯಾ ಅಮ್ಮ? ಆಯ್ತು, ಹೋಟೆಲಿನ ಹತ್ತಿರವೇ ಮಾರ್ಕೆಟ್ ಉಂಟು. ಒಂದು ಹಿಡ್ಕೊಂಡು ಬರ್ತೇನೆ.”

“ಪೇಟೆಯ ಕೋಳಿ ಕೊಡುವವರು ಕೊಡ್ಲಿ. ನಾನು ಕೊಟ್ಟದ್ದೆಲ್ಲ ನನ್ನ ಕೈಯ ಅಕ್ಕಿ ತಿಂದದ್ದು.”

ಹೇಳಿ ಮುಗಿಸಿದ ಮೇಲೆ ಆ ಮಾತಿನ ಅರ್ಥ ಅವಳಿಗೇ ತಟ್ಟಿತು. ಅವಳ ಕೈಯ ಅಕ್ಕಿ ತಿಂದದ್ದು ಈಗ ಒಂದೇ ಇತ್ತು. ಅದು ಹೊಸ್ತಿಲ ಮೇಲೆ ನಿಂತು ತಲೆ ಓರೆ ಮಾಡಿ ಅವಳನ್ನೇ ನೋಡುತ್ತಿತ್ತು. ದೈವಕ್ಕೆ ಕೊಟ್ಟ ಮಾತನ್ನು ಅವಳು ಇದುವರೆಗೆ ಹಿಂದೆ ತೆಗೆದುಕೊಂಡವಳಲ್ಲ. ಶೀಲಾವತಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಸದ್ದೇ ಬರಲಿಲ್ಲ. ಬಾಲ್ದಿಯ ಸದ್ದಾದರೂ ಬಂದಿದ್ದರೆ ಚೆನ್ನಾಗಿತ್ತು ಎನಿಸಿತು ಸೇವಂತಿಗೆ.

ಮರುದಿನ ಸಂಜೆ ಬಾಗಿಲಲ್ಲಿ ಹೊಲಿಯುತ್ತ, ತುಂಡು ನೂಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ, ಶೀಲಾವತಿ ತಲೆಯೆತ್ತದೆ ಕೇಳಿದಳು.

“ಮಾಮಿ, ದೈವಕ್ಕೆ ಎಂಥಾ ಕೋಳಿ ಆಗ್ತದೆ?”

“ಆಗುವುದೆಂದರೆ, ಕುಂಟು ಆಗಬಾರದು. ಕಣ್ಣು ಹೋದದ್ದು ಆಗಬಾರದು. ಕೊಕ್ಕು ಮುರಿದದ್ದು, ಮೈಮೇಲೆ ಗಾಯದ ಕಲೆ...”

ಸೇವಂತಿ ಅಲ್ಲಿಗೆ ನಿಲ್ಲಿಸಿದಳು.

ಶೀಲಾವತಿಯ ಸೂಜಿಯೂ ನಿಂತಿತು. ಅಂಗಳದಲ್ಲಿ ಬೊಳ್ಳಿ ಮಣ್ಣು ಕೆದಕುತ್ತಿತ್ತು. ಲೋಕಲ್ ರೈಲೊಂದು ದೂರದಲ್ಲಿ ಹಾದು ಹೋಗುವವರೆಗೆ ಇಬ್ಬರೂ ಬೊಳ್ಳಿಯ ಕೊರಳನ್ನೇ ನೋಡುತ್ತ ಕುಳಿತರು.

ಮುಂದಿನ ರಜೆಗೆ ಬಂದು ವಿಷಯ ಕೇಳಿದ ಸದಾನಂದ, “ಗರಿ ಬಂದಾಯಿತಲ್ಲ ಅಮ್ಮ, ಕಲೆ ಯಾರಿಗೆ ಕಾಣ್ತದೆ?” ಎಂದ, ತಮಾಷೆಗೆ.

“ದೈವಕ್ಕೆ ಕಾಣ್ತದೆ,” ಎಂದಳು ಸೇವಂತಿ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ಕಲೆ ಇದ್ದದ್ದನ್ನು ಕೊಟ್ಟು ಮೋಸ ಮಾಡುವವಳಲ್ಲ ನಾನು. ಮಾತು ತಪ್ಪುವವಳೂ ಅಲ್ಲ. ಬೊಳ್ಳಿಯನ್ನು ಕಾವಿಗೆ ಕೂರಿಸ್ತೇನೆ. ಮರಿ ನನ್ನ ಅಕ್ಕಿ ತಿಂದು ಹುಂಜ ಆಗ್ಲಿ. ಬರುವ ವರ್ಷದ ಕೋಲಕ್ಕೆ ನಾನೇ ಕೊಂಡುಹೋಗ್ತೇನೆ. ಅಷ್ಟು ದಿನ ಕಾಯಲಿಕ್ಕೆ ಪಂಜುರ್ಲಿಗೆ ಗೊತ್ತುಂಟು.”

“ಆ ಮರಿಗೆ ಹೆಸರು ಮಾತ್ರ ಇಡಬಾರದು, ಮಾಮಿ,” ಎಂದಳು ಶೀಲಾವತಿ.

ಚೆನ್ನಯ ಪಾಳಿ ಮುಗಿಸಿ ಬಂದವನು ಬೊಳ್ಳಿಯನ್ನು ಕಂಡು ನಿಂತ. ಸೇವಂತಿ ಅದನ್ನು ಹಿಡಿದು ಕಂಕುಳಲ್ಲಿ ಇಟ್ಟುಕೊಂಡು, ಕೊರಳ ಗರಿಯನ್ನು ಬೆರಳಿನಿಂದ ಬಿಡಿಸಿ ಹತ್ತಿರ ತಂದಳು. ಒಳಗೆ ಕೂದಲೆಳೆಯಷ್ಟು ಸಪೂರವಾದ ಒಂದು ಗೆರೆ.

“ಇದು ಯಾರಕ್ಕ ಹೊಲಿದದ್ದು? ನಮ್ಮ ಅಂಗಿಯ ಹರಕೂ ಇಷ್ಟು ಚಂದ ಮುಚ್ಚುದಿಲ್ಲ.”

“ಇನ್ಯಾರು? ನನ್ನ ಸೊಸೆ,” ಎಂದಳು ಸೇವಂತಿ, ಒಳಗಿದ್ದವಳಿಗೂ ಕೇಳುವ ಹಾಗೆ. “ಸರಿಯಾಗಿ ನೋಡು. ಬೀಡಿ ದೂರ ಹಿಡಿ.”