ಟಿವಿಗೆ ಬೀಳುತ್ತಿದ್ದ ಏಟು

ಟಿವಿ ಕೆಟ್ಟ ದಿನದಿಂದ ಶಂಭುಲಿಂಗಪ್ಪನವರು ಬಾಯಿ ಬಿಗಿದು ಕೂತುಬಿಟ್ಟಿದ್ದರು. ಮಾತಂತೂ ಲಕ್ವ ಹೊಡೆದಾಗಲೇ ಹೋಗಿತ್ತು, ಈಗ ಊಟವೂ ಹೋಯಿತು. ತುತ್ತು ತುಟಿಯ ಹತ್ತಿರ ತಂದರೆ ಮುಖ ಆಚೆ ತಿರುಗಿಸುತ್ತಿದ್ದರು. ಆ ಹಳೆಯ ಡಬ್ಬಾ ಟಿವಿಯಲ್ಲಿ ಏನಾದರೊಂದು ಕುಣಿಯುತ್ತಿದ್ದರೆ ಮಾತ್ರ ಬಾಯಿ ತೆರೆಯುವ ಅಭ್ಯಾಸ ಅವರಿಗೆ. ಸುದ್ದಿಯಾದರೂ ಸರಿ, ಧಾರಾವಾಹಿಯಾದರೂ ಸರಿ, ಸೋಪಿನ ಜಾಹೀರಾತಾದರೂ ಸರಿ. ಮಗ ಚಿದಾನಂದ್ ಗೋಡೆಗೆ ತೆಳ್ಳನೆಯ ಹೊಸ ಟಿವಿ ಹಾಕಿಸಿದ್ದ. ಅದರ ಕಡೆ ಅವರು ಕಣ್ಣೆತ್ತಿಯೂ ನೋಡಿರಲಿಲ್ಲ. ಸೋಮವಾರದೊಳಗೆ ಬಾಯಿಂದ ಊಟ ಶುರುವಾಗದಿದ್ದರೆ ಮೂಗಿನಿಂದ ಪೈಪು ಇಳಿಸಬೇಕಾಗುತ್ತದೆ ಅಂತ ಡಾಕ್ಟರು ಹೇಳಿಹೋಗಿದ್ದರು. ಹೆಂಡತಿ ಕಮಲಾದೇವಿಗೆ ಆ ಪೈಪು ಗೊತ್ತು. ಅವರ ಅಕ್ಕನಿಗೂ ಹಾಕಿದ್ದರು. ಆಮೇಲೆ ಅಕ್ಕ ಒಂದು ಗುಟುಕು ಕಾಫಿಯನ್ನೂ ಬಾಯಿಂದ ಕುಡಿಯಲಿಲ್ಲ.

ಹಾಗಾಗಿ ಗಂಗಯ್ಯನವರಿಗೆ ಫೋನು ಹೋಯಿತು.

ಗಂಗಯ್ಯ ಉತ್ತರಹಳ್ಳಿಯವರು. ಕುಮಾರಸ್ವಾಮಿ ಲೇಔಟಿನಲ್ಲಿ ಇನ್ನೂ ಮನೆಗಳು ಏಳುತ್ತಿದ್ದ ಕಾಲದಿಂದ ಆ ಬಡಾವಣೆಯ ಟಿವಿಗಳ ಹೊಟ್ಟೆ ಬಿಚ್ಚಿ ಮುಚ್ಚಿದವರು. ಅವರ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಡಬ್ಬಾ ಟಿವಿ ಅಂತ ಯಾರಾದರೂ ಕರೆದು ಯಾವ ಕಾಲವಾಗಿತ್ತೋ. ಫೋನು ಬಂದಾಗ ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು ಬಸ್ಸು ಹತ್ತಿದರು.

ಈ ರಿಪೇರಿ ಮಾಡುವವರಿಗೆಲ್ಲ ಒಂದೊಂದು ಜಂಭ ಇರುತ್ತದೆ, ಏನು ಮಾಡುವುದು. ಕೆಲವರಿಗೆ ಕರೆಂಟು ಅಳೆಯುವ ಮೀಟರಿನ ಮೇಲೆ, ಕೆಲವರಿಗೆ ಕೈಗುಣದ ಮೇಲೆ. ಗಂಗಯ್ಯನವರಿಗೆ ತಮ್ಮ ಕಿವಿಯ ಮೇಲೆ. ಹಳೆಯ ಟಿವಿಗೆ ಕರೆಂಟು ಕೊಟ್ಟರೆ ಒಳಗಿನಿಂದ ಸಣ್ಣಗೆ, ಬಹಳ ಸಣ್ಣಗೆ, ಕುಂಯ್ ಅಂತ ಒಂದು ದನಿ ಹೊರಡುತ್ತದೆ. ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರಿನ ದನಿ ಅದು. ದನಿ ಇದ್ದರೆ ಸೆಟ್ಟಿಗೆ ಜೀವ ಇದೆ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಹೋಗಿದೆ. ಹಿಂದೆಲ್ಲ ಗಂಗಯ್ಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಇದನ್ನು ಹೇಳಿಬಿಡುತ್ತಿದ್ದರು. ಮನೆಯವರು ಬಾಯಿ ಬಿಟ್ಟು ನೋಡುತ್ತಿದ್ದರು. ಅದನ್ನು ನೋಡುವುದೇ ಅವರಿಗೊಂದು ಮಜಾ.

"ಆನ್ ಮಾಡ್ರಮ್ಮ," ಅಂದರು.

ಕಮಲಾದೇವಿ ಸ್ವಿಚ್ ಒತ್ತಿದರು. ಟಿವಿಯ ಕೆಂಪು ದೀಪ ಹತ್ತಿತು, ಪರದೆ ಕಪ್ಪಗೇ ಉಳಿಯಿತು. ಗಂಗಯ್ಯ ಹಿಂದಿನ ಮುಚ್ಚಳ ಬಿಚ್ಚಿ ಕಿವಿಯನ್ನು ಹತ್ತಿರಕ್ಕೆ ಒಯ್ದರು. ಏನೂ ಇಲ್ಲ. ಪಿಕ್ಚರ್ ಟ್ಯೂಬಿನ ಹಿಂದೆ ಸಣ್ಣದಾಗಿ ಚಾಚಿಕೊಂಡ ಗಾಜಿನ ಕುತ್ತಿಗೆಯೊಳಗೆ ಕಾಣಬೇಕಾದ ಸಣ್ಣ ಕೆಂಪು ಬೆಳಕೂ ಇಲ್ಲ. ಆ ಬೆಳಕಿಗೆ ಕರೆಂಟು ಬರುವುದು ಅದೇ ಟ್ರಾನ್ಸ್‌ಫಾರ್ಮರಿನಿಂದ, ಹಾಗಾಗಿ ಲೆಕ್ಕ ಸರಿಯಾಗಿ ಕೂತಿತು.

"ಸ್ಪೀಕರ್ ವೈರ್ ಯಾರು ಕಿತ್ತಿದ್ದು?"

"ಚಿದು. ನಮ್ಮ ಲಿಖಿತಾಗೆ ಮನೇಲೇ ಅಲ್ವಾ ಆಫೀಸು, ಕಾಲ್‌ನಲ್ಲಿ ಟಿವಿ ಸದ್ದು ಕೇಳುತ್ತೆ ಅಂತ ಕಿತ್ತಾಕ್ದ. ಇವರಿಗೆ ಸದ್ದು ಯಾಕೆ ಬಿಡಿ, ಚಿತ್ರ ಕುಣಿದ್ರೆ ಸಾಕು."

ಲಿಖಿತಾ ಅಂದರೆ ಸೊಸೆ. ಪಕ್ಕದ ರೂಮಿನಲ್ಲಿ ಬಾಗಿಲು ಮುಚ್ಚಿಕೊಂಡು ಯಾರ ಜೊತೆಗೋ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು.

ಟ್ರಾನ್ಸ್‌ಫಾರ್ಮರ್ ಸರಿಯಿದ್ದರೆ ಪರದೆಯ ಮುಂದೆ ಕೈಯಾಡಿಸಿದಾಗ ಕೂದಲು ನಿಮಿರುತ್ತದೆ, ಅದೂ ಒಂದು ಪರೀಕ್ಷೆ. ಹೊರಗೆ ಜಿಟಿಜಿಟಿ ಮಳೆ, ಈ ಥಂಡಿಯಲ್ಲಿ ಅದನ್ನು ನಂಬುವುದಕ್ಕಾಗುವುದಿಲ್ಲ ಅಂತ ಗಂಗಯ್ಯ ಬಿಟ್ಟರು. ಮೀಟರ್ ಹಿಡಿದು ನೋಡಬಹುದಿತ್ತು. ಅದನ್ನೂ ನೋಡಲಿಲ್ಲ. ಕಿವಿ ಹೇಳಿದ ಮೇಲೆ ಮೀಟರ್ ಯಾಕೆ?

ಎದುರು ಗೋಡೆಗೆ ಒತ್ತಿ ಇಟ್ಟಿದ್ದ ಕುರ್ಚಿಯಲ್ಲಿ ಶಂಭುಲಿಂಗಪ್ಪನವರು ಕೂತಿದ್ದರು. ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ಸತ್ತಂತೆ ಬಿದ್ದ ಎಡಗೈ. ಅವರು ಗಂಗಯ್ಯನವರನ್ನೇ ನೋಡುತ್ತ ಬಲಗೈ ಎತ್ತಿ ಗಾಳಿಯಲ್ಲಿ ತಟ್ಟಿದರು. ಒಮ್ಮೆ ಅಲ್ಲ, ಮತ್ತೆ ಮತ್ತೆ.

"ಏನೋ ಹೇಳ್ತಿದಾರಲ್ಲಮ್ಮ ಯಜಮಾನ್ರು?"

"ಏನಿಲ್ಲ, ಯಾವಾಗ್ಲೂ ಹಾಗೇ ಆಡ್ತಿರ್ತಾರೆ."

ಗಂಗಯ್ಯ ನಕ್ಕು ಕೈಮುಗಿದರು. "ಯೋಚ್ನೆ ಮಾಡ್ಬೇಡಿ ಸಾರ್, ಟ್ರಾನ್ಸ್‌ಫಾರ್ಮರ್ ಹೋಗಿದೆ ಅಷ್ಟೆ. ತಂದು ಹಾಕ್ತೀನಿ."

ಹೇಳುವುದು ಸುಲಭ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಆ ಟ್ರಾನ್ಸ್‌ಫಾರ್ಮರಿನ ನಂಬರ್ ಹೇಳಿದರೆ ಹುಡುಗರು ಮುಖ ಮುಖ ನೋಡಿಕೊಂಡರು. ಕೊನೆಗೆ ಅದು ಸಿಕ್ಕಿದ್ದು ಉತ್ತರಹಳ್ಳಿ ಹಿಂದಿನ ಗುಜರಿಯಲ್ಲಿ. ಡಬ್ಬಾ ಟಿವಿಗಳನ್ನು ಅಲ್ಲಿ ಒಂದರ ಮೇಲೊಂದು ಒಟ್ಟಿದ್ದರು. ಒಂದರ ಟ್ಯೂಬಿಗೂ ಕುತ್ತಿಗೆ ಇರಲಿಲ್ಲ. ಗುಜರಿಯವರು ಮೊದಲು ಮಾಡುವ ಕೆಲಸವೇ ಅದು, ಕುತ್ತಿಗೆ ಮುರಿದು ಅದರ ಸುತ್ತ ಇರುವ ತಾಮ್ರದ ಸುರುಳಿ ಎಳೆದುಕೊಳ್ಳುವುದು. ಗಾಜಿನ ಕುತ್ತಿಗೆಗೆ ಸಣ್ಣ ಬಿರುಕು ಬಿದ್ದರೂ ಗಾಳಿ ತೆಗೆದು ಮುಚ್ಚಿದ ಟ್ಯೂಬಿನೊಳಗೆ ಗಾಳಿ ನುಗ್ಗುತ್ತದೆ, ಟ್ಯೂಬು ಸತ್ತಹಾಗೆಯೇ. ಗಂಗಯ್ಯ ಒಂದೊಂದರ ಹೆಸರುಪಟ್ಟಿ ಓದುತ್ತ ಹೋದರು. ತಾವು ರಿಪೇರಿ ಮಾಡಿದವೂ ಆ ರಾಶಿಯಲ್ಲಿ ಇದ್ದಿರಬಹುದು. ಬೇಕಾದ ಟ್ರಾನ್ಸ್‌ಫಾರ್ಮರ್ ಬಿಚ್ಚಿಕೊಂಡು ಹಿಂತಿರುಗಿ ನೋಡದೆ ಹೊರಟುಬಂದರು.

ಶುಕ್ರವಾರ ಮಧ್ಯಾಹ್ನ ಮತ್ತೆ ಆ ಮನೆಗೆ ಹೋದಾಗ ಶಂಭುಲಿಂಗಪ್ಪನವರ ಕೆನ್ನೆ ಇನ್ನಷ್ಟು ಒಳಕ್ಕೆ ಹೋಗಿತ್ತು. ಬೆಳಿಗ್ಗೆಯಿಂದ ಎಳನೀರು ಬಿಟ್ಟು ಏನೂ ಇಳಿದಿಲ್ಲ, ಅದೂ ಅರ್ಧ ಕತ್ತಿನ ಮೇಲೆ ಚೆಲ್ಲಿಹೋಯಿತು ಅಂದರು ಕಮಲಾದೇವಿ. ಗಂಗಯ್ಯ ಕೂತು ಹಳೆಯದನ್ನು ಬಿಚ್ಚಿದರು, ತಂದದ್ದನ್ನು ಕೂರಿಸಿ ಬೆಸುಗೆ ಹಾಕಿದರು. ಬೆನ್ನು ಹಿಡಿದುಕೊಂಡಿತು. ಕೈ ಮೊದಲಿನಂತೆ ನಿಲ್ಲುತ್ತಿರಲಿಲ್ಲ. ಕೆಲಸ ಮುಗಿದಾಗ ಕಾಫಿ ಲೋಟದ ಮೇಲೆ ಕೆನೆ ಕಟ್ಟಿತ್ತು.

"ಆನ್ ಮಾಡ್ರಮ್ಮ."

ಕೆಂಪು ದೀಪ ಹತ್ತಿತು. ಪರದೆ ಕಪ್ಪು. ಕುತ್ತಿಗೆಯಲ್ಲಿ ಬೆಳಕಿಲ್ಲ, ಕಿವಿಗೆ ಏನೂ ಇಲ್ಲ. ಅಯ್ಯೋ ದೇವರೇ, ಇದೂ ಸತ್ತದ್ದೇ ಅಂದುಕೊಂಡು ಅವರು ಹಾಗೇ ನೆಲದ ಮೇಲೆ ಕುಕ್ಕರಿಸಿದರು.

ಆಗ ಪಕ್ಕದ ರೂಮಿನ ಬಾಗಿಲು ತೆರೆಯಿತು. ಲಿಖಿತಾ ಕುತ್ತಿಗೆಗೆ ಹೆಡ್‌ಫೋನ್ ಇಳಿಸಿಕೊಂಡು ನಿಂತಿದ್ದಳು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಆ ಕುಂಯ್ ಅನ್ನೋದನ್ನ ಸ್ವಲ್ಪ ಹೊತ್ತು ನಿಲ್ಸೋಕಾಗುತ್ತಾ? ಮೀಟಿಂಗಲ್ಲಿದೀನಿ, ತಲೆ ನೋಯ್ತಿದೆ."

"ಯಾವ ಕುಂಯ್?"

"ಟಿವಿದು. ಅವತ್ತು ನೀವು ಬಂದಾಗ್ಲೂ ಬರ್ತಿತ್ತಲ್ಲ."

ಗಂಗಯ್ಯ ಅವಳನ್ನೇ ನೋಡಿದರು. ಆಮೇಲೆ ಕೈ ಚಾಚಿ ಸ್ವಿಚ್ ಆರಿಸಿದರು.

"ಈಗ?"

"ನಿಂತೋಯ್ತು."

ಹಾಕಿದರು. "ಈಗ?"

"ಬಂತು. ನಿಮಗೆ ಕೇಳಿಸ್ತಿಲ್ವಾ ಅಂಕಲ್?"

ಇಲ್ಲ. ಕೇಳಿಸುತ್ತಿರಲಿಲ್ಲ. ಎಂದಿನಿಂದ ಕೇಳಿಸುತ್ತಿಲ್ಲವೋ ಅದೂ ಗೊತ್ತಿರಲಿಲ್ಲ. ಬಸ್ಸಿನ ಹಾರ್ನು ಕೇಳುತ್ತಿತ್ತು, ಮೊಮ್ಮಕ್ಕಳ ಗಲಾಟೆ ಕೇಳುತ್ತಿತ್ತು, ಹಾಗಾಗಿ ಕಿವಿ ನೆಟ್ಟಗಿದೆ ಅಂದುಕೊಂಡಿದ್ದರು. ಆ ಒಂದು ದನಿ ಮಾತ್ರ, ಜೀವಮಾನವೆಲ್ಲ ಅನ್ನ ಹಾಕಿದ ದನಿ, ಹೇಳದೆ ಕೇಳದೆ ಬಿಟ್ಟುಹೋಗಿತ್ತು. ಗಂಗಯ್ಯನವರಿಗೆ ಆದ ಅವಮಾನ ಎಂಥದೆಂದರೆ ಎದ್ದು ಓಡಿಹೋಗಬೇಕು ಅನಿಸಿತು. ಜೀವ ಇದ್ದ ಸೆಟ್ಟಿನ ಒಳ್ಳೆಯ ಟ್ರಾನ್ಸ್‌ಫಾರ್ಮರನ್ನು ಅವರು ಕಿತ್ತು ಪಕ್ಕಕ್ಕಿಟ್ಟಿದ್ದರು.

ಆದರೆ ದನಿ ಇದೆ ಅಂದ ಮೇಲೆ ರೋಗವೇ ಬೇರೆ. ಟ್ರಾನ್ಸ್‌ಫಾರ್ಮರ್ ಚೆನ್ನಾಗಿದ್ದೂ ಕುತ್ತಿಗೆಯಲ್ಲಿ ಬೆಳಕಿಲ್ಲ ಅಂದರೆ, ಕುತ್ತಿಗೆಗೆ ಸಿಕ್ಕಿಸಿದ ಸಣ್ಣ ಬೋರ್ಡಿನಲ್ಲಿ ಬೆಸುಗೆ ಬಿಟ್ಟಿರಬೇಕು. ಹಾಗೆ ಬಿಟ್ಟ ಬೆಸುಗೆ ಅಲ್ಲಾಡಿಸಿದರೆ ಕೂಡುತ್ತದೆ, ಆಮೇಲೆ ಮತ್ತೆ ಬಿಡುತ್ತದೆ. ಗಂಗಯ್ಯನವರಿಗೆ ಥಟ್ಟನೆ ಆ ಬಲಗೈ ನೆನಪಾಯಿತು.

"ಅಮ್ಮ, ಯಜಮಾನ್ರು ಈ ಟಿವಿಗೆ ಹೊಡೀತಿದ್ರಾ?"

ಕಮಲಾದೇವಿಯ ಮುಖ ಸಣ್ಣದಾಯಿತು. "ದಿನಾ. ಮುಂಚೆ ಇಲ್ಲೇ, ಟಿವಿ ಪಕ್ಕದಲ್ಲೇ ಕೂರಿಸ್ತಿದ್ವಿ. ಬಲಗೈಯಿಂದ ಪಟ್ ಅಂತ ಬಾರಿಸೋರು. ತಲೆ ಕೆಟ್ಟಿದೆ, ಎಲ್ಲಾದ್ರೂ ಮೈಮೇಲೆ ಬೀಳಿಸ್ಕೋತಾರೆ ಅಂತ ಚಿದು ಕುರ್ಚಿನ ಆ ಗೋಡೆಗೆ ಎಳೆದಾಕ್ದ. ಮಾರನೇ ದಿನದಿಂದ ಟಿವಿ ಬರ್ಲೇ ಇಲ್ಲ."

"ಸಿಟ್ಟಿಗೆ ಹೊಡೀತಿರ್ಲಿಲ್ಲಮ್ಮ. ರಿಪೇರಿ ಮಾಡ್ತಿದ್ರು."

ಕಮಲಾದೇವಿ ಗಂಡನ ಕಡೆ ತಿರುಗಿದರು. ಅವರು ಈಗಲೂ ಕೈ ಎತ್ತಿ ಗಾಳಿಯಲ್ಲಿ ತಟ್ಟುತ್ತಿದ್ದರು. ಇಷ್ಟು ದಿನ ಅವರು ಹೇಳಿದ್ದು ಅದನ್ನೇ. ಕಮಲಾದೇವಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನೀವು ಸರಿ ಮಾಡಿ ಗಂಗಯ್ಯನೋರೇ, ಅನ್ನ ಕಲಸ್ಕೊಂಡು ಬರ್ತೀನಿ," ಅಂತ ಅಡುಗೆಮನೆಗೆ ಓಡಿದರು. ಲಿಖಿತಾ ಮೀಟಿಂಗು ಬಿಟ್ಟು ಅಲ್ಲೇ ನಿಂತಳು.

ಒಂದು ಚುಕ್ಕಿ ಬೆಸುಗೆಯ ಕೆಲಸ. ಅದಕ್ಕೆ ಕುತ್ತಿಗೆಯಿಂದ ಆ ಸಣ್ಣ ಬೋರ್ಡನ್ನು ಹೊರಗೆಳೆಯಬೇಕು. ಅದು ಅಂಟಿಕೊಂಡಿರುತ್ತದೆ, ನೇರವಾಗಿ, ನಿಧಾನವಾಗಿ ಎಳೆಯಬೇಕು. ಗಂಗಯ್ಯನವರಿಗೆ ಇದು ಗೊತ್ತಿಲ್ಲ ಅಂತಲ್ಲ, ಎಷ್ಟೋ ಜನಕ್ಕೆ ಅವರೇ ಕಲಿಸಿದ್ದರು. ಆದರೆ ಈಗ ಅವರಿಗೆ ಅವಸರ. ಅನ್ನ ಬರುವುದರೊಳಗೆ ಚಿತ್ರ ಬರಬೇಕು, ಕಿವಿಯ ಅವಮಾನ ತೊಳೆದುಹೋಗಬೇಕು. ಸ್ವಿಚ್ ಆರಿಸಿ ಬೋರ್ಡು ಹಿಡಿದು ಎಳೆದರು. ಬರಲಿಲ್ಲ. ಕೊಂಚ ತಿರುಚಿ ಎಳೆದರು. ಬಂತು.

"ಅಬ್ಬ, ಬಂತು ನೋಡಮ್ಮ," ಅಂದರು ಲಿಖಿತಾಗೆ.

ಅವಳು ಹುಬ್ಬು ಗಂಟಿಕ್ಕಿದ್ದಳು. "ಅದೇನು ಅಂಕಲ್ ಸುಸ್ ಅಂತಿರೋದು? ಗ್ಯಾಸ್ ಲೀಕ್ ಆದಂಗೆ?"

ಗಂಗಯ್ಯ ಕುತ್ತಿಗೆಯ ಮೇಲೆ ಕಿವಿ ಇಡಲಿಲ್ಲ. ಇಟ್ಟು ಪ್ರಯೋಜನವಿರಲಿಲ್ಲ. ಕಣ್ಣಿಟ್ಟರು. ಒಳಗೆ ಗಾಜಿಗೆ ಬಳಿದಂತೆ ಇರುವ ಬೆಳ್ಳಿ ಬಣ್ಣದ ಮಚ್ಚೆ ಅಂಚಿನಿಂದ ಮಾಸುತ್ತ ಬಂತು. ಅವರು ನೋಡುತ್ತಿದ್ದಂತೆಯೇ ಅದು ಪೂರ್ತಿ ಹಾಲಿನಂತೆ ಬೆಳ್ಳಗಾಯಿತು. ಗಾಳಿ ಒಳಗೆ ಹೋದ ಗುರುತು ಅದು. ಅದಕ್ಕೆ ರಿಪೇರಿ ಇಲ್ಲ.

ಕಮಲಾದೇವಿ ತಟ್ಟೆ ಹಿಡಿದು ಬಂದರು. ಅನ್ನ, ಸಾರು, ಮೇಲೊಂದು ಚಮಚ ತುಪ್ಪ. ಮುಖದಲ್ಲಿ ಎಷ್ಟೋ ದಿನದಿಂದ ಇಲ್ಲದ ಕಳೆ ಇತ್ತು.

ಹಳೇ ಟ್ಯೂಬು, ಆಯಸ್ಸು ಮುಗಿದಿತ್ತು ಅಂತ ಹೇಳಿಬಿಡಬಹುದಿತ್ತು. ಆ ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಮಾತು ಗಂಗಯ್ಯನವರ ನಾಲಗೆಯ ತುದಿಯವರೆಗೂ ಬಂದಿತ್ತು.

"ನಾನೇ ಮುರಿದುಬಿಟ್ಟೆ ಅಮ್ಮ," ಅಂದರು. "ಸರಿ ಹೋಗ್ತಿತ್ತು. ನನ್ನ ಕೈಯಲ್ಲಿ ಮುರೀತು. ಇನ್ನು ಇದು ಬರಲ್ಲ."

ಕಮಲಾದೇವಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟರು. ಆಮೇಲೆ, "ಮುಚ್ಚಳ ಹಾಕಿ," ಅಂದರು. "ಲಿಖಿತಾ, ಕುರ್ಚಿಗೆ ಕೈ ಕೊಡು."

ಇಬ್ಬರೂ ಸೇರಿ ಶಂಭುಲಿಂಗಪ್ಪನವರನ್ನು ಕುರ್ಚಿ ಸಮೇತ ಎಳೆದು ಟಿವಿಯ ಪಕ್ಕಕ್ಕೆ ತಂದರು. ಅವರ ಕಣ್ಣು ಅರಳಿತು. ಯಾರೂ ಹೇಳಬೇಕಾಗಿರಲಿಲ್ಲ. ಬಲಗೈ ಎತ್ತಿ ಪಟ್ ಅಂತ ಬಾರಿಸಿದರು. ಪರದೆಯ ಕಡೆ ನೋಡಿದರು, ಕಾದರು. ಮತ್ತೆ ಬಾರಿಸಿದರು, ಈ ಸಲ ಜೋರಾಗಿ. ಕೈ ಸೋತು ತೊಡೆಯ ಮೇಲೆ ಬಿತ್ತು. ಅವರು ಏದುಸಿರು ಬಿಡುತ್ತ ಗಂಗಯ್ಯನವರ ಕಡೆ ತಿರುಗಿ, ಅದೇ ಕೈಯನ್ನು ಕಷ್ಟಪಟ್ಟು ಎತ್ತಿ ಟಿವಿಯ ಕಡೆ ತೋರಿಸಿದರು. ನೀನು ಹೊಡಿ, ನೀನು ಬಲ್ಲವನು.

ಗಂಗಯ್ಯ ಕಮಲಾದೇವಿಯ ಮುಖ ನೋಡಿದರು. ಅವರು ತಟ್ಟೆ ಎತ್ತಿಕೊಂಡು, ಒಂದು ತುತ್ತು ಕೈಯಲ್ಲಿ ಹಿಡಿದು ಗಂಡನ ಬಾಯಿಯ ಹತ್ತಿರ ತಂದು ನಿಂತಿದ್ದರು.

ಗಂಗಯ್ಯ ಟಿವಿಗೆ ಹೊಡೆದರು. ಶಂಭುಲಿಂಗಪ್ಪನವರು ಇನ್ನೂ ಅಂತ ತಲೆಯಾಡಿಸಿದರು. ಗಂಗಯ್ಯ ಮತ್ತೆ ಹೊಡೆದರು, ಮತ್ತೆ ಹೊಡೆದರು, ಅಂಗೈ ಉರಿಯುವವರೆಗೆ ಹೊಡೆದರು. ಕಪ್ಪು ಪರದೆಯಲ್ಲಿ ಅವರೆಲ್ಲರ ನೆರಳು ಕಾಣುತ್ತಿತ್ತು. ಶಂಭುಲಿಂಗಪ್ಪನವರು ಅದನ್ನು ನೋಡುತ್ತಲೇ ಇದ್ದರು. ಬಾಯಿ ಮಾತ್ರ ತೆರೆಯಲಿಲ್ಲ.